ಎಡಗಾಲಿನ ಕೆಳಗಿನ ವಿಳಾಸ

ಬೆಳಗಿನ ಹತ್ತೂವರೆಗೆ ಕರೆಗಂಟೆ ಕಿರುಚಿಕೊಂಡಿತು. ಅಕ್ಕ ಕೈಯಲ್ಲಿದ್ದ ಸೂಜಿಯನ್ನು ಬಟ್ಟೆಯ ಆನೆಯ ಬೆನ್ನಿಗೆ ಚುಚ್ಚಿಟ್ಟು ಬರಿಗಾಲಲ್ಲೇ ಬಾಗಿಲಿಗೆ ಓಡಿದಳು. ಐವತ್ತೊಂಬತ್ತು ವರ್ಷದ ಮಂಡಿಗಳು ಓಡುವುದಿಲ್ಲವೆಂದು ಹಟ ಹಿಡಿದರೂ ಓಡಿದಳು. ಬಂದವರು ಎರಡನೆಯ ಸಲ ಗಂಟೆ ಒತ್ತುವುದರೊಳಗೆ ಚಿಲಕ ತೆಗೆಯಬೇಕಿತ್ತು. ಒಳಗಿನ ಕೋಣೆಯಲ್ಲಿ ತಂಗಿ ಮಲಗಿದ್ದಳು. ಆಸ್ಪತ್ರೆಯ ರಾತ್ರಿಪಾಳಿ ಮುಗಿಸಿ ಬಂದು, ಮುಖ ತೊಳೆದು, ಎರಡು ತುಂಡು ಬ್ರೆಡ್ಡು ತಿಂದು, ಅವಳು ಕಣ್ಣು ಮುಚ್ಚಿ ಎರಡು ಗಂಟೆಯೂ ಆಗಿರಲಿಲ್ಲ.

ಬಾಗಿಲಲ್ಲಿ ಅರಿಶಿನ ಬಣ್ಣದ ಒಂದು ಜಿರಾಫೆ ನಿಂತಿತ್ತು. ಅದಕ್ಕೆ ತಲೆಯಿರಲಿಲ್ಲ. ಅದರ ಹಿಂದೆ ನಿಂತಿದ್ದ ದಪ್ಪ ಮನುಷ್ಯರೊಬ್ಬರು ತಲೆಯನ್ನು ಇನ್ನೊಂದು ಕೈಯಲ್ಲಿ, ಕೈಚೀಲದಲ್ಲಿ ಹಿಡಿದುಕೊಂಡಿದ್ದರು.

"ಬೊಂಬೆ ಡಾಕ್ಟರಮ್ಮ ಇದೇ ಮನೇಲಲ್ವಾ?" ಎಂದರು ಅವರು, ಸಂತೆಯಲ್ಲಿ ಮಾತಾಡುವ ದನಿಯಲ್ಲಿ.

"ಮೆಲ್ಲಗೆ, ಮೆಲ್ಲಗೆ," ಅಕ್ಕ ತುಟಿಗೆ ಬೆರಳಿಟ್ಟಳು. "ಪಾರ್ಸಲ್ ಮಾಡಬಹುದಿತ್ತಲ್ಲ ಇವರೇ?"

"ನಿಮ್ಮ ವೆಬ್‌ಸೈಟಲ್ಲಿ ವಿಳಾಸ ಇತ್ತು. ಹತ್ತಿರಾನೇ ಅಲ್ವಾ ಅಂತ ಬಂದೆ. ಮೊಮ್ಮಗಳು ಬೆಳಗ್ಗಿಂದ ಬಾಯಿಗೆ ಏನೂ ಹಾಕಿಲ್ಲ."

ಹಾಗೆಂದ ಮೇಲೆ ಅಕ್ಕ ಹೇಗೆ ಕಳಿಸಿಯಾಳು? ಜಿರಾಫೆಯನ್ನು ಎರಡೂ ಕೈಯಿಂದ, ಕೂಸನ್ನು ಎತ್ತಿಕೊಳ್ಳುವಂತೆ ಎತ್ತಿಕೊಂಡಳು. ಬಾಗಿಲು ಹಾಕಿ ತಿರುಗಿದರೆ, ಹಿಂದೆ ತಂಗಿ ನಿಂತಿದ್ದಳು. ಕೂದಲು ಒಂದು ಕಡೆ ಚಪ್ಪಟೆ, ಇನ್ನೊಂದು ಕಡೆ ಪೊದೆ.

"ಈ ವಾರದಲ್ಲಿ ಇದು ಐದನೇದು," ಎಂದಳು ತಂಗಿ. "ಇದು ಮನೆನಾ ಅಕ್ಕಾ, ಹೊರರೋಗಿ ವಿಭಾಗನಾ? ಅಲ್ಲೂ ರೋಗಿಗಳು, ಇಲ್ಲೂ ರೋಗಿಗಳು. ಅಲ್ಲಿ ಪುಣ್ಯಕ್ಕೆ ತಲೆ ಇಟ್ಕೊಂಡೇ ಬರ್ತಾರೆ."

ಅಕ್ಕನಿಗೆ ನಗು ಬಂತು. ತಂಗಿ ನಗಲಿಲ್ಲ. ಅಡುಗೆಮನೆಗೆ ಹೋಗಿ ನೀರು ಕುಡಿದು, ಫ್ರಿಜ್ಜಿನ ಬಾಗಿಲಿಗೆ ಅಯಸ್ಕಾಂತದಿಂದ ಅಂಟಿಸಿದ್ದ ನೀಲಿ ಅರ್ಜಿಯನ್ನು ಒಮ್ಮೆ ನೋಡಿ, ಮತ್ತೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಆ ಅರ್ಜಿಯ ಮೇಲೆ ಅಕ್ಕನ ಕಣ್ಣು ದಿನಕ್ಕೆ ಹತ್ತು ಸಲ ಬೀಳುತ್ತಿತ್ತು. ಆಸ್ಪತ್ರೆಯ ಹಿಂಭಾಗದಲ್ಲಿ ದಾದಿಯರಿಗೆಂದು ಕಟ್ಟಿದ ವಸತಿಗೃಹದಲ್ಲಿ ಒಂದು ಕೋಣೆ ಖಾಲಿಯಾಗಿತ್ತು. ಬೇಕಾದವರು ಮೂರು ತಿಂಗಳೊಳಗೆ ತುಂಬಿ ಕೊಡಬೇಕು. ದಪ್ಪ ಬಿಳಿ ಕಾಗದದ ಮೇಲೆ ನೀಲಿ ಅಕ್ಷರದ, ಒಳ್ಳೆ ಮುದ್ರಣದ ಅರ್ಜಿ. ತಂಗಿ ಅದನ್ನು ತುಂಬಿರಲಿಲ್ಲ, ಎಸೆದೂ ಇರಲಿಲ್ಲ.

ಮೂವತ್ತೊಂದು ವರ್ಷ ಅಕ್ಕ ತಂಗಿಯರು ಬೇರೆ ಬೇರೆ ಊರಲ್ಲಿದ್ದರು. ಅಕ್ಕ ಈ ಊರಿನ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಹೊಲಿಗೆ ಕಲಿಸುತ್ತಿದ್ದಳು. ತಂಗಿಯನ್ನು ಕೆಲಸ ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಎಳೆದುಕೊಂಡು ಹೋಗುತ್ತಿತ್ತು. ವರ್ಷಕ್ಕೊಮ್ಮೆ ಭೇಟಿ, ವಾರಕ್ಕೊಮ್ಮೆ ಫೋನು. ಅಕ್ಕ ನಿವೃತ್ತಳಾದ ವರ್ಷವೇ ತಂಗಿಗೆ ಈ ಊರಿನ ಆಸ್ಪತ್ರೆಗೆ ವರ್ಗವಾಗಿ, ಎರಡು ಕೋಣೆಯ ಈ ನೆಲಮಹಡಿಯ ಮನೆ ಇಬ್ಬರದೂ ಆಗಿತ್ತು. ಸಂಜೆ ನಾಲ್ಕಕ್ಕೆ ತಂಗಿ ಏಳುತ್ತಾಳೆ, ಇಬ್ಬರೂ ಕಿಟಕಿಯ ಹತ್ತಿರ ಕೂತು ಚಹಾ ಕುಡಿಯುತ್ತಾರೆ, ಒಬ್ಬರನ್ನೊಬ್ಬರು ಆಡಿಕೊಳ್ಳುತ್ತಾರೆ. ಇಷ್ಟೇ. ಈ ಇಷ್ಟರ ಮುಂದೆ ಅಕ್ಕನಿಗೆ ಬೇರೆ ಯಾವುದೂ ದೊಡ್ಡದಾಗಿರಲಿಲ್ಲ.

ಬೊಂಬೆಗಳ ಕೆಲಸ ಶುರುವಾದದ್ದು ಹೊತ್ತು ಹೋಗಲೆಂದು. ಹರಿದ ಕರಡಿ, ಕಣ್ಣು ಕಿತ್ತ ನಾಯಿ, ಹೊಟ್ಟೆಯ ಹತ್ತಿಯೆಲ್ಲ ಹೊರಬಂದ ಹಂಸ, ಹೀಗೆ ಯಾವುದಾದರೂ ಸರಿ, ಬಟ್ಟೆಯದಾಗಿದ್ದರೆ ಅಕ್ಕ ರಿಪೇರಿ ಮಾಡುತ್ತಿದ್ದಳು. ಮೂಲೆಯ ಜೆರಾಕ್ಸ್ ಅಂಗಡಿಯ ಹೆಂಗಸು, ಊರಿಗೆಲ್ಲ ಜೆರಾಕ್ಸಮ್ಮ, ಇದಕ್ಕೊಂದು ವೆಬ್‌ಸೈಟ್ ಮಾಡಿಕೊಟ್ಟಿದ್ದಳು. ಪ್ರತಿ ಪುಟದ ಕೊನೆಗೆ ಮನೆಯ ವಿಳಾಸ ದಪ್ಪ ಅಕ್ಷರದಲ್ಲಿ ಇರಲೇಬೇಕೆಂದು ಅಕ್ಕನೇ ಹಟ ಹಿಡಿದದ್ದು. ವಿಳಾಸ ಹೇಳದೆ ವ್ಯಾಪಾರ ಮಾಡುವವರನ್ನು ನಂಬಬಾರದೆಂದು ಶಾಲೆಯಲ್ಲಿ ಮಕ್ಕಳಿಗೆ ಹೇಳಿಕೊಟ್ಟವಳು, ತಾನೇ ವಿಳಾಸ ನುಂಗುವುದು ಹೇಗೆ?

ಜಿರಾಫೆ ಬಂದ ನಾಲ್ಕನೆಯ ದಿನ ವೆಬ್‌ಸೈಟಿನಲ್ಲಿ ಯಾರೋ ಒಂದು ಮಾತು ಬರೆದರು. ತಂಗಿಯೇ ಅದನ್ನು ಮೊದಲು ಓದಿದ್ದು, ಚಹಾದ ಹೊತ್ತಿಗೆ.

"ಮೊಲದ ಕಿವಿ ಮೊದಲಿನ ಹಾಗೆ ನೆಟ್ಟಗೆ ನಿಲ್ಲುತ್ತಿಲ್ಲ. ಇದು ರಿಪೇರಿಯೇ? ಹಸಿರು ಗೇಟು, ನೆಲಮಹಡಿ, ಕಿಟಕಿಯಲ್ಲಿ ಎರಡು ಹೂಕುಂಡ. ಮನೆ ನೋಡಿಕೊಂಡು ಬಂದಿದ್ದೇನೆ. ಭಾನುವಾರ ಬಂದು ವಿಚಾರಿಸಿಕೊಳ್ಳುತ್ತೇನೆ."

ತಂಗಿ ಫೋನನ್ನು ಮೇಜಿನ ಮೇಲೆ ಮಗುಚಿಟ್ಟಳು. "ಇಡೀ ರಾತ್ರಿ ವಾರ್ಡಿನಲ್ಲಿ ಜನ ಕೂಗಾಡೋದನ್ನ ಕೇಳಿಸ್ಕೊಳ್ತೀನಿ. ಅದು ನನ್ನ ಕೆಲಸ. ಬಟ್ಟೆ ಬದಲಾಯಿಸಿ ಹೊರಗೆ ಬಂದ್ರೆ ಮುಗೀತು. ಇಲ್ಲಿ ನಾನು ಬಟ್ಟೆ ಬದಲಾಯಿಸಿ ಎಲ್ಲಿಗೆ ಬರಲಿ ಹೇಳು?"

"ಪಾಪ, ಏನೋ ಸಿಟ್ಟಲ್ಲಿ ಬರ್ದಿರ್ತಾನೆ. ಕಿವಿಗೆ ಗಟ್ಟಿ ಬಟ್ಟೆ ಇಡ್ಬೇಕಿತ್ತು, ತಪ್ಪು ನನ್ನದೇ."

"ಕಿವಿ ನಿಂದು ತಪ್ಪು. ಕುಂಡ ಎಣಿಸಿದ್ದು ಅವನ ತಪ್ಪು," ಎಂದಳು ತಂಗಿ. ಎದ್ದುಹೋಗಿ ಕಿಟಕಿಯ ಎರಡೂ ಕುಂಡಗಳನ್ನು ಒಳಗೆ ತಂದು ನೆಲದ ಮೇಲಿಟ್ಟಳು. ಹೂಗಳು ಬಿಸಿಲಿಲ್ಲದೆ ಪಿಳಿಪಿಳಿ ನೋಡಿದವು.

ಆ ಭಾನುವಾರ ಯಾರೂ ಬರಲಿಲ್ಲ. ಆದರೆ ಗೇಟಿನ ಹತ್ತಿರ ಹೆಜ್ಜೆ ಸಪ್ಪಳವಾದಾಗಲೆಲ್ಲ ಇಬ್ಬರ ಮಾತೂ ಅರ್ಧಕ್ಕೆ ನಿಲ್ಲುತ್ತಿತ್ತು. ಬಾರದವನಿಗಾಗಿ ಕಾದು ಒಂದು ರಜಾದಿನ ಹಾಳಾಯಿತು. ಸಂಜೆ ತಂಗಿ ನೀಲಿ ಅರ್ಜಿಯನ್ನು ಫ್ರಿಜ್ಜಿನಿಂದ ತೆಗೆದು ಮೇಜಿನ ಮೇಲೆ ಪೆನ್ನಿನ ಪಕ್ಕ ಇಟ್ಟಳು. ಬಾಯಿಬಿಟ್ಟು ಹೇಳಿದ್ದರೆ ಅಕ್ಕ ವಾದ ಮಾಡಬಹುದಿತ್ತು.

ಮರುದಿನ ಬೆಳಗ್ಗೆ ಅಕ್ಕ ಜೆರಾಕ್ಸ್ ಅಂಗಡಿಯ ಎತ್ತರದ ಸ್ಟೂಲಿನ ಮೇಲೆ ಕೂತಿದ್ದಳು.

"ತೆಗೆದುಬಿಡೋಣ ಟೀಚರ್," ಎಂದಳು ಜೆರಾಕ್ಸಮ್ಮ, ಯಂತ್ರಕ್ಕೆ ಕಾಗದ ತುಂಬುತ್ತಾ. "ಅವತ್ತೇ ಹೇಳಿದ್ದೆ. ನೀವು ಬೆತ್ತ ಹಿಡಿದ ಹಾಗೆ ನೋಡಿದ್ರಿ, ಸುಮ್ಮನಾದೆ."

"ವಿಳಾಸ ಬಚ್ಚಿಡೋದು ಮೋಸ ಮಾಡೋರ ಲಕ್ಷಣ ಅಲ್ವೇನಮ್ಮಾ?"

"ನನ್ನ ಅಂಗಡಿ ವಿಳಾಸ ಬೋರ್ಡಿನ ಮೇಲೇ ಇದೆ. ಯಾಕೆ ಹೇಳಿ? ಸಂಜೆ ಆದ್ರೆ ಶಟರ್ ಎಳೀತೀನಿ. ನನ್ನ ಮನೆ ಎಲ್ಲಿದೆ ಅಂತ ನಿಮಗೇ ಗೊತ್ತಿಲ್ಲ, ಎಂಟು ವರ್ಷದಿಂದ ಬರ್ತಿದ್ದೀರಿ. ನಾನು ಮೋಸಗಾತಿನಾ?"

ಅಕ್ಕ ಯೋಚಿಸಿದಳು. ನಿಜವಾಗಿಯೂ ಅವಳಿಗೆ ಗೊತ್ತಿರಲಿಲ್ಲ. ಕೇಳಬೇಕೆಂದು ಒಮ್ಮೆಯೂ ಅನ್ನಿಸಿರಲಿಲ್ಲ.

"ನಿಮ್ಮದು ನಡುಮನೇಲಿ ಕೆಲಸ. ನಡುಮನೆಗೆ ಶಟರ್ ಇಲ್ಲ. ಅದಕ್ಕೇ ವಿಳಾಸಕ್ಕೆ ಹಾಕ್ಬೇಕು," ಎಂದು ಜೆರಾಕ್ಸಮ್ಮ ಕಂಪ್ಯೂಟರಿನ ಮುಂದೆ ಕೂತಳು.

ಒಂದು ಗಂಟೆ ಹಿಡಿಯಿತು. ಪುಟಗಳ ಕೊನೆಯ ದಪ್ಪ ಅಕ್ಷರ ಹೋಯಿತು. 'ನಮ್ಮ ಬಗ್ಗೆ' ಎಂಬಲ್ಲಿ, ಅಕ್ಕನೇ ಪ್ರೀತಿಯಿಂದ ಬರೆದಿದ್ದ 'ಹಸಿರು ಗೇಟಿನ ಪುಟ್ಟ ಮನೆ' ಎಂಬ ವಾಕ್ಯ ಹೋಯಿತು. ನಕ್ಷೆಯ ಮೇಲೆ ಚುಚ್ಚಿದ್ದ ಕೆಂಪು ಗುರುತು ಹೋಯಿತು. ಮನೆ ನಂಬರು ಕಾಣುತ್ತಿದ್ದ ಗೇಟಿನ ಚಿತ್ರ ಹೋಯಿತು. ಆಮೇಲೆ ಜೆರಾಕ್ಸಮ್ಮ ಬೇರೆಲ್ಲೋ ಹುಡುಕಿ, ನಾಲಿಗೆ ಕಚ್ಚಿಕೊಂಡಳು.

"ಇನ್ನೊಂದಿದೆ. ವೆಬ್‌ಸೈಟಿನ ಹೆಸರು ನೋಂದಾಯಿಸುವಾಗ ಯಜಮಾನರ ವಿಳಾಸ ಕೊಡಬೇಕು. ನಿಮ್ಮ ಮನೇದೇ ಕೊಟ್ಟಿದ್ದೆ. ಹೊರಗಿನವರಿಗೆ ಕಾಣದ ಹಾಗೆ ಮಾಡು ಅಂತ ಒಂದು ಗುರುತು ಹಾಕೋದಿತ್ತು, ಹಾಕಿರಲಿಲ್ಲ. ಇದಂತೂ ನನ್ನದೇ ತಪ್ಪು ಟೀಚರ್. ಬೈದುಬಿಡಿ."

ಅಕ್ಕ ಬೈಯಲಿಲ್ಲ. ಮಾಡಿದ ತಪ್ಪನ್ನು ಯಾರೂ ಕೇಳದೆಯೇ ಎತ್ತಿ ಕೈಗೆ ಕೊಡುವವರು ಎಷ್ಟು ಜನ ಸಿಗುತ್ತಾರೆ?

ಅಲ್ಲಿಂದ ನೇರ ಅಂಚೆ ಕಚೇರಿಗೆ. ಇನ್ನು ಮುಂದೆ ಬೊಂಬೆಗಳು ಮನೆಗೆ ಬರುವುದಿಲ್ಲ, ಅಂಚೆ ಕಚೇರಿಯ ಗೋಡೆಯ ಒಂದು ಪೆಟ್ಟಿಗೆಯ ಹೆಸರಿಗೆ ಬರುತ್ತವೆ. ಮನೆಯಿಂದ ಕಳಿಸುವ ಪೊಟ್ಟಣಗಳ ಮೇಲೂ ಅದೇ ಸಂಖ್ಯೆ. ಕಿಟಕಿಯ ಹಿಂದಿನ ಗುಮಾಸ್ತರು ಕನ್ನಡಕ ಸರಿಮಾಡಿಕೊಂಡು ಗೋಡೆಯತ್ತ ನೋಡಿದರು.

"ಹದಿನೇಳು ಖಾಲಿ ಇದೆ, ಆದರೆ ಅದು ಕೆಳಸಾಲು, ದಿನಾ ಬಗ್ಗಬೇಕು. ಎಪ್ಪತ್ತೆರಡು ಖಾಲಿ ಇದೆ, ಅದಕ್ಕೆ ನೀವು ಏಣಿ ತರಬೇಕು. ನಲವತ್ತೊಂದು ನಾಳೆ ಖಾಲಿ ಆಗತ್ತೆ. ಎದೆಮಟ್ಟಕ್ಕಿದೆ. ಒಂದು ದಿನ ಕಾಯ್ತೀರಾ?"

ಅಕ್ಕ ಕಾದಳು. ಮಾರನೆಯ ದಿನ ಬೆರಳುದ್ದದ ಕೀಲಿಕೈಯೊಂದು ಅವಳ ಸೂಜಿಪೆಟ್ಟಿಗೆ ಸೇರಿತು.

ಎರಡು ವಾರ ಎಷ್ಟು ಚೆನ್ನಾಗಿ ಕಳೆದವೆಂದರೆ, ಅಕ್ಕನಿಗೆ ತನ್ನ ಮನೆಯ ಸದ್ದುಗಳೇ ಹೊಸದಾಗಿ ಕೇಳಿಸಿದವು. ಬಟ್ಟೆಯಲ್ಲಿ ದಾರ ಓಡುವ ಸದ್ದು. ಪಕ್ಕದ ಕೋಣೆಯಲ್ಲಿ ತಂಗಿಯ ಸಣ್ಣ ಗೊರಕೆ, ಕುಕ್ಕರ್ ಕೂಗುವ ಮೊದಲು ಉಸಿರೆಳೆದುಕೊಳ್ಳುವಂಥದ್ದು. ಕುಂಡಗಳು ಕಿಟಕಿಗೆ ಹೋದವು. ನೀಲಿ ಅರ್ಜಿ ಮೇಜಿನಿಂದ ಮತ್ತೆ ಫ್ರಿಜ್ಜಿಗೆ ಹೋಯಿತು. ಅಲ್ಲಿಂದ ಕಸದ ಬುಟ್ಟಿಗೆ ಎಷ್ಟು ದೂರ ಎಂದು ಅಕ್ಕ ಮನಸ್ಸಿನಲ್ಲೇ ಅಳೆದಳು.

ಮೂರನೆಯ ವಾರ, ಬುಧವಾರ, ಬೆಳಗ್ಗೆ ಹನ್ನೊಂದಕ್ಕೆ ಕರೆಗಂಟೆ ಕಿರುಚಿತು.

ಅಕ್ಕ ಮತ್ತೆ ಬರಿಗಾಲಲ್ಲೇ ಓಡಿದಳು. ಬಾಗಿಲಲ್ಲಿ ಸಮವಸ್ತ್ರದ ಬಸ್ ಡ್ರೈವರ್ ಒಬ್ಬರು. ಎದೆಗೆ ಒತ್ತಿಕೊಂಡ ಒಂದು ಕಂದು ಕರಡಿ.

"ಅಮ್ಮಾ, ಇವನು ನಿಮ್ಮವನಾ?"

ಕರಡಿಯ ಹೊಟ್ಟೆಯ ಮೇಲಿನ ತೇಪೆಯನ್ನು ಅಕ್ಕ ಕಂಡೊಡನೆ ಗುರುತಿಸಿದಳು. ಕಳೆದ ವರ್ಷದ ರೋಗಿ. "ಎಲ್ಲಿ ಸಿಕ್ಕಿದ ಇವನು?"

"ಕೊನೇ ಸ್ಟಾಪಲ್ಲಿ ಸೀಟಿನ ಕೆಳಗೆ ಬಿದ್ದಿದ್ದ. ಡಿಪೋದಲ್ಲಿ ಮರೆತುಹೋದ ಸಾಮಾನಿನ ಪೆಟ್ಟಿಗೆ ಇದೆ, ಹಾಕೋಣ ಅಂತ ಹೋದೆ. ಹರಕು ಛತ್ರಿಗಳ ಮಧ್ಯೆ ಇವನ ಮುಖ ನೋಡಿ ಮನಸ್ಸು ಬರ್ಲಿಲ್ಲ. ತಿರುಗಿಸಿ ನೋಡಿದ್ರೆ ಕಾಲ ಕೆಳಗೆ ವಿಳಾಸ. ಪಾಳಿ ಮುಗೀತು, ನಡ್ಕೊಂಡು ಬಂದೆ."

ಅಕ್ಕ ಕರಡಿಯ ಎಡಗಾಲನ್ನು ಎತ್ತಿದಳು. ಅಂಗಾಲಿನ ಮೇಲೆ ಬಿಳಿ ಹತ್ತಿಯ ಪಟ್ಟಿ. ಅದರ ಮೇಲೆ ಕೆಂಪು ದಾರದಲ್ಲಿ ಅವಳದೇ ಕೈಯ ದುಂಡು ಅಕ್ಷರ: 'ಕಳೆದುಹೋಗಿದ್ದೇನೆ. ದಯವಿಟ್ಟು ಇಲ್ಲಿಗೆ ತಲುಪಿಸಿ.' ಕೆಳಗೆ ಮನೆಯ ನಂಬರು, ಬೀದಿ, ಎಲ್ಲ. ಅದರ ಕೆಳಗೆ ರೋಗಿಯ ಸಂಖ್ಯೆ.

ಮಾಲೀಕರು ಮನೆ ಬದಲಾಯಿಸುತ್ತಾರೆ, ತಾನು ಎಲ್ಲಿಗೂ ಹೋಗುವವಳಲ್ಲ ಎಂದು ಅಕ್ಕ ಮೊದಲ ಬೊಂಬೆಯಿಂದಲೂ ತನ್ನ ವಿಳಾಸವನ್ನೇ ಹೊಲಿಯುತ್ತಾ ಬಂದಿದ್ದಳು. ಅಂಥ ಕಾಲುಗಳು ಮುನ್ನೂರ ಹನ್ನೆರಡು. ವಿಳಾಸಕ್ಕೆ ಶಟರ್ ಎಳೆದ ದಿನ ಆ ಕಾಲುಗಳು ಅವಳ ನೆನಪಿಗೇ ಬಂದಿರಲಿಲ್ಲ. ಹೊಲಿದ ಅಕ್ಷರ ಅವಳ ಕಣ್ಣಿಗೆ ಬರವಣಿಗೆಯೇ ಅಲ್ಲ, ಬರೀ ಹೊಲಿಗೆ.

"ಕೂತ್ಕೊಳ್ಳಿ, ಚಹಾ ಕುಡ್ಕೊಂಡು ಹೋಗಿ. ಇವನ ಮನೆಯವರಿಗೆ ಫೋನ್ ಮಾಡ್ತೀನಿ," ಎಂದು ಅಕ್ಕ ಕಪಾಟಿನಿಂದ ದೊಡ್ಡ ನೋಟುಪುಸ್ತಕ ತೆಗೆದಳು. ಅದರಲ್ಲಿ ಎಲ್ಲ ರೋಗಿಗಳ ಮನೆಯವರ ಹೆಸರು, ವಿಳಾಸ, ಫೋನು ಇದ್ದವು. ಡ್ರೈವರ್ ಪಕ್ಕದಲ್ಲೇ ನಿಂತಿದ್ದರು. ಅಕ್ಕ ಸ್ವಲ್ಪ ತಿರುಗಿ, ಪುಟದ ಮೇಲೆ ಅಂಗೈ ಅಡ್ಡ ಇಟ್ಟುಕೊಂಡು, ನಂಬರು ಮಾತ್ರ ಕಾಣುವಂತೆ ಹಿಡಿದು ಒತ್ತಿದಳು.

ಆ ಕಡೆ ಒಬ್ಬ ಅಜ್ಜಿ ಫೋನೆತ್ತಿದರು. ಕರಡಿ ಸಿಕ್ಕಿತೆಂದು ಕೇಳಿದೊಡನೆ ಫೋನನ್ನು ಹಾಗೇ ಮಗುವಿನ ಕಿವಿಗೆ ಕೊಟ್ಟರು. ಮೂಗಿನಲ್ಲಿ ಉಸಿರಾಡುವ ಸದ್ದು ಮಾತ್ರ ಕೇಳಿತು, ಆಮೇಲೆ, "ಅವನು ಊಟ ಮಾಡಿದ್ನಾ?"

"ಮಾಡಿದ್ನಂತೆ ಪುಟ್ಟಾ," ಎಂದಳು ಅಕ್ಕ. "ಬಸ್ ಮಾಮನ ಹತ್ತಿರ." ಡ್ರೈವರ್ ಹೌದೆಂದು ಗಂಭೀರವಾಗಿ ತಲೆಯಾಡಿಸಿದರು.

ಮಾತು ಮುಗಿಸಿ ನೋಡಿದರೆ ತಂಗಿ ಕೋಣೆಯ ಬಾಗಿಲಿಗೆ ಒರಗಿ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ. ಅವಳು ಬಂದು ಕರಡಿಯನ್ನು ತೆಗೆದುಕೊಂಡು, ವಾರ್ಡಿನಲ್ಲಿ ಮಾಡುವಂತೆ ಕುತ್ತಿಗೆ, ಹೊಟ್ಟೆ, ಕೈಕಾಲು ಒತ್ತಿ ನೋಡಿದಳು. "ಮೂಳೆ ಮುರಿದಿಲ್ಲ," ಎಂದಳು ಡ್ರೈವರಿಗೆ. "ಒಳ್ಳೇ ಕೆಲಸ ಮಾಡಿದ್ರಿ."

ಡ್ರೈವರ್ ಚಹಾ ಕುಡಿದು, ಲೋಟವನ್ನು ತಾವೇ ತೊಳೆದಿಟ್ಟು ಹೋದರು. ತಂಗಿ ತನ್ನ ಫೋನು ತಂದು, ವೆಬ್‌ಸೈಟು ತೆರೆದು, ಅಕ್ಕನ ಪಕ್ಕ ಕೂತಳು. ಗುಣವಾದ ಬೊಂಬೆಗಳ ಚಿತ್ರಗಳ ಪುಟ. ಹೊಲಿಗೆಯ ಅಂದ ಕಾಣಲೆಂದು ಅಕ್ಕ ಪ್ರತಿಯೊಂದು ಬೊಂಬೆಯನ್ನೂ ಎಡಗಾಲು ಮುಂದೆ ಚಾಚಿ ಕೂರಿಸಿ ಚಿತ್ರ ತೆಗೆದಿದ್ದಳು. ತಂಗಿ ಒಂದು ಹಂಸದ ಕಾಲನ್ನು ಎರಡು ಬೆರಳಿಂದ ಹಿಗ್ಗಿಸಿದಳು. ಕೆಂಪು ದಾರದ ಅಕ್ಷರಗಳು ಉಬ್ಬಿ ಬಂದು ಪರದೆ ತುಂಬಿದವು. ಮನೆ ನಂಬರು. ಬೀದಿ.

"ಅಯ್ಯಯ್ಯೋ," ಎಂದಳು ಅಕ್ಕ.

"ಮುಂಬಾಗಿಲಿಗೆ ಬೀಗ ಹಾಕಿ, ಕೀಲಿಕೈನ ಗೇಟಿಗೆ ನೇತುಹಾಕಿದ್ದೀಯ. ಒಂದಲ್ಲ, ಮುನ್ನೂರು."

ಅಕ್ಕ ಕೈ ಕೈ ಹಿಸುಕಿಕೊಂಡಳು. "ಚಿತ್ರ ತೆಗೆಸಿಬಿಡ್ತೀನಿ. ಆದ್ರೆ ಪಟ್ಟಿ... ಪಟ್ಟಿ ಇಲ್ದಿದ್ರೆ ಇವತ್ತು ಈ ಕರಡಿ ಛತ್ರಿಗಳ ಮಧ್ಯೆ ಬಿದ್ದಿರ್ತಿತ್ತು ಕಣೇ. ಕಳೆದುಹೋದ ಬೊಂಬೆಗೆ ಒಂದು ವಿಳಾಸ ಬೇಡ್ವಾ?" ದನಿ ತಗ್ಗಿಸಿ, "ನಿನ್ನ ಬೊಂಬೆಗೆ ಇರಲಿಲ್ಲ," ಎಂದಳು.

ಅದು ಬಹಳ ಹಿಂದಿನ ಮಾತು. ರೈಲ್ವೆ ಸ್ಟೇಷನ್ನಿನ ಕಾಯುವ ಕೋಣೆ. ಐದು ವರ್ಷದ ತಂಗಿ ನೀರು ಕುಡಿಯಲು ಅಮ್ಮನ ಜೊತೆ ಹೋದಾಗ ತನ್ನ ಬಟ್ಟೆಯ ಬೊಂಬೆಯನ್ನು ಒಂಬತ್ತು ವರ್ಷದ ಅಕ್ಕನ ಕೈಗೆ ಕೊಟ್ಟು ಹೋಗಿದ್ದಳು. ಅಕ್ಕ ಅದನ್ನು ಬೆಂಚಿನ ಮೇಲೇ ಬಿಟ್ಟು ರೈಲು ಹತ್ತಿದ್ದಳು.

"ನೀನು ಅವಾಗ ಏನು ಹೇಳಿದ್ದೆ ಗೊತ್ತಾ?" ಎಂದಳು ತಂಗಿ. "ಬೊಂಬೆ ಅವರ ಅತ್ತೆ ಮನೆಗೆ ಹೋಗಿದೆ ಅಂತ."

"ನೀನು ನಂಬಿದ್ದೆ."

"ಎರಡು ವರ್ಷ ನಂಬಿದ್ದೆ. ಆಮೇಲೆ ನೀನೇ ನಿದ್ದೆಯಲ್ಲಿ ಬಡಬಡಿಸಿದೆ, ಬೆಂಚು, ಬೆಂಚು ಅಂತ. ಐವತ್ತು ವರ್ಷದಿಂದ ಗೊತ್ತು ನನಗೆ."

ಅಕ್ಕ ಅವಳತ್ತ ತಿರುಗಿ ಕೂತಳು. "ಮತ್ತೆ ಒಂದು ಮಾತೂ ಆಡ್ಲಿಲ್ಲ?"

"ಜಗಳದಲ್ಲಿ ಬೇಕಾಗತ್ತೆ ಅಂತ ಇಟ್ಕೊಂಡಿದ್ದೆ. ಅಂಥ ಜಗಳ ಬರಲೇ ಇಲ್ಲ." ತಂಗಿ ಕರಡಿಯನ್ನು ಮೇಜಿನ ಮೇಲೆ ಕೂರಿಸಿದಳು. "ಅದಿರಲಿ. ಈಗ ಫೋನ್ ಮಾಡ್ವಾಗ ಆ ಪುಸ್ತಕಕ್ಕೆ ಕೈ ಅಡ್ಡ ಇಟ್ಟೆಯಲ್ಲ, ಯಾಕೆ?"

"ಇಟ್ನಾ?" ಅಕ್ಕನಿಗೇ ತಿಳಿದಿರಲಿಲ್ಲ. ಯೋಚಿಸಿ ಹೇಳಿದಳು, "ಇಟ್ಟೆ ಅನ್ಸತ್ತೆ. ಅವರ ಮನೆ ವಿಳಾಸ ಅಲ್ವಾ. ನನಗೆ ಅಂತ ನಂಬಿ ಕೊಟ್ಟಿದ್ದು. ದಾರೀಲಿ ಹೋಗೋರಿಗೆಲ್ಲ ತೋರಿಸೋಕಾಗತ್ತಾ?"

"ಡ್ರೈವರ್ ಎಷ್ಟು ಒಳ್ಳೆಯವರು."

"ಒಳ್ಳೆಯವರೇ. ಆದ್ರೂ..."

"ಹೂಂ," ಎಂದಳು ತಂಗಿ. "ನಮ್ಮ ಮನೆಗೂ ಒಂದು ಕೈ ಅಡ್ಡ ಇಡೇ."

ಅಷ್ಟೇ ಹೇಳಿ ಅವಳು ಮಲಗಲು ಹೋದಳು. ಅಕ್ಕ ನೋಟುಪುಸ್ತಕ ಮುಚ್ಚಿ, ಅದರ ಮೇಲೆ ಕೈಯಿಟ್ಟಳು. ಮುನ್ನೂರ ಹನ್ನೆರಡು ಮನೆಗಳು ಆ ರಟ್ಟಿನ ಒಳಗೆ ನೆಮ್ಮದಿಯಾಗಿದ್ದವು. ಅವುಗಳಲ್ಲಿ ಒಂದನ್ನೂ ಅವಳು ಗೋಡೆಗೆ ಅಂಟಿಸುತ್ತಿರಲಿಲ್ಲ, ಯಾರು ಕೇಳಿದರೂ. ಆ ಮನೆಯವರು ಯಾರೂ ಮೋಸಗಾರರೆಂದು ಅವಳಿಗೆ ಅನ್ನಿಸಿಯೂ ಇರಲಿಲ್ಲ. ವಿಳಾಸವನ್ನು ಅವರು ಕೈಯಿಂದ ಕೈಗೆ ಕೊಟ್ಟಿದ್ದರು, ಬೊಂಬೆಯ ಜೊತೆಗೆ, ಕಾಗದದಲ್ಲಿ ಮಡಿಸಿ. ಕೊಡುವುದೆಂದರೆ ಹಾಗೆ. ತಾನು ಮಾಡಿದ್ದು ಕೊಡುವುದಲ್ಲ, ಚೆಲ್ಲುವುದು.

ಸಂಜೆ ಚಹಾದ ಹೊತ್ತಿಗೆ ಅವಳು ಒಂದು ಸುರುಳಿ ಬಿಳಿ ಪಟ್ಟಿ ಮತ್ತು ಕೆಂಪು ದಾರ ತಂದಿಟ್ಟಳು. 'ಕಳೆದುಹೋಗಿದ್ದೇನೆ. ದಯವಿಟ್ಟು ಇಲ್ಲಿಗೆ ತಿಳಿಸಿ: ಪೆಟ್ಟಿಗೆ ೪೧, ಮುಖ್ಯ ಅಂಚೆ ಕಚೇರಿ.' ಮೊದಲ ಪಟ್ಟಿ ಹೊಲಿದು ತೋರಿಸಿದಳು.

"ಮುನ್ನೂರ ಹನ್ನೆರಡಾ?" ತಂಗಿ ಹುಬ್ಬೇರಿಸಿದಳು. "ಕೊಡು, ನನಗೂ ಒಂದು ಸೂಜಿ."

ಮೂರು ವಾರ, ದಿನವೂ ಸಂಜೆ, ತಂಗಿ ಕೆಲಸಕ್ಕೆ ಹೊರಡುವವರೆಗೆ ಇಬ್ಬರೂ ಕಿಟಕಿಯ ಹತ್ತಿರ ಕೂತು ಹೊಲಿದರು. ತಂಗಿ ಗಾಯಕ್ಕೆ ಹಾಕುವಂತೆ ಬಿಗಿಯಾಗಿ, ಒಂದೊಂದಕ್ಕೂ ಗಂಟು ಹಾಕಿ ಹೊಲಿಯುತ್ತಿದ್ದಳು.

"ಇದು ಕಸೂತಿನಾ, ಆಪರೇಷನ್ನಾ?" ಅಕ್ಕ ರೇಗಿಸಿದಳು. "ನನ್ನ ಕ್ಲಾಸಿನಲ್ಲಿದ್ದಿದ್ರೆ ಬಿಚ್ಚಿಸ್ತಿದ್ದೆ."

"ನನ್ನ ರೋಗಿಗಳು ಎದ್ದು ನಡೀತಾರೆ ಟೀಚರಮ್ಮಾ. ನಿನ್ನವರು ಕೂತಲ್ಲೇ ಕೂತಿರ್ತಾರೆ."

ಜೊತೆಗೆ ಕಳಿಸುವ ಕಾಗದವನ್ನು ಅಕ್ಕ ಬರೆದಳು, ಜೆರಾಕ್ಸಮ್ಮ ಪ್ರತಿ ತೆಗೆದಳು. 'ನಿಮ್ಮ ಬೊಂಬೆಯ ಎಡಗಾಲಿನ ಕೆಳಗೆ ನನ್ನ ಮನೆಯ ವಿಳಾಸವಿದೆ. ದಯವಿಟ್ಟು ಅದನ್ನು ಬಿಚ್ಚಿ, ಈ ಹೊಸ ಪಟ್ಟಿಯನ್ನು ಹೊಲಿಯಿರಿ. ಹಳೆಯದನ್ನು ಪೆಟ್ಟಿಗೆ ೪೧ಕ್ಕೆ ಕಳಿಸಿ. ಹೊಲಿಯಲು ಬಾರದವರು ಬೊಂಬೆಯನ್ನೇ ಕಳಿಸಬಹುದು. ಈ ಮನೆಯಲ್ಲಿ ಹಗಲು ನಿದ್ದೆ ಮಾಡುವವರೊಬ್ಬರಿದ್ದಾರೆ.' ಕೊನೆಯ ವಾಕ್ಯ ಬೇಡವೆಂದಳು ತಂಗಿ. ಬೇಕೆಂದಳು ಅಕ್ಕ. ಅಕ್ಕ ಗೆದ್ದಳು.

ವೆಬ್‌ಸೈಟಿನ ಚಿತ್ರಗಳನ್ನು ತೆಗೆದುಹಾಕಲು ಜೆರಾಕ್ಸಮ್ಮನಿಗೆ ಮನಸ್ಸಾಗಲಿಲ್ಲ. ಬದಲಿಗೆ ಪ್ರತಿಯೊಂದು ಎಡಗಾಲಿನ ಮೇಲೂ ಒಂದು ಬಣ್ಣದ ಪುಟ್ಟ ಬ್ಯಾಂಡೇಜನ್ನು, ಅಕ್ಷರ ಒಂದೂ ಉಳಿಯದ ಹಾಗೆ, ಕಂಪ್ಯೂಟರಿನಲ್ಲಿ ಬರೆದು ಮುಚ್ಚಿದಳು. "ಈಗ ಥೇಟ್ ಆಸ್ಪತ್ರೆ ಥರ ಇದೆ," ಎಂದು ತಾನೇ ಬೆನ್ನು ತಟ್ಟಿಕೊಂಡಳು.

ಮೊಲದ ಮನುಷ್ಯನಿಗೂ ಒಂದು ಲಕೋಟೆ ಹೋಯಿತು. ಅದರಲ್ಲಿ ಪಟ್ಟಿಯ ಜೊತೆ ಕಾಲರಿಗೆ ಹಾಕುವ ಗಟ್ಟಿ ಬಟ್ಟೆಯ ಎರಡು ತುಂಡು ಇಟ್ಟು, ಕಿವಿಯ ಹಿಂದೆ ಎಲ್ಲಿ ಬಿಚ್ಚಿ, ಹೇಗೆ ತೂರಿಸಬೇಕೆಂದು ಅಕ್ಕ ಚಿತ್ರ ಬರೆದಿದ್ದಳು.

"ಅವನಿಗ್ಯಾಕೆ ಉಪಚಾರ?" ತಂಗಿ ಮೂಗು ಮುರಿದಳು.

"ಅವನಿಗಲ್ಲ, ಮೊಲಕ್ಕೆ."

ಉತ್ತರಗಳು ಬರತೊಡಗಿದವು. ಬೆಂಕಿಪೊಟ್ಟಣದಲ್ಲಿ ಸುತ್ತಿಟ್ಟ ಪಟ್ಟಿ, ಬಣ್ಣದ ಕಾಗದಕ್ಕೆ ಗುಂಡುಪಿನ್ನಿನಲ್ಲಿ ಚುಚ್ಚಿದ ಪಟ್ಟಿ, ಕತ್ತರಿ ತಪ್ಪಿ ಅರ್ಧ ಕಾಲಿನ ಬಟ್ಟೆಯೇ ಬಂದ ಪಟ್ಟಿ. 'ನಿದ್ದೆ ಮಾಡುವವರಿಗೆ ನಮಸ್ಕಾರ ತಿಳಿಸಿ' ಎಂದು ಹತ್ತಾರು ಜನ ಬರೆದಿದ್ದರು. ಜಿರಾಫೆಯ ತಾತ, 'ಜೋರಾಗಿ ಮಾತಾಡಿದ್ದಕ್ಕೆ ಕ್ಷಮಿಸಿ' ಎಂದು ಬಹಳ ಸಣ್ಣ ಅಕ್ಷರದಲ್ಲಿ ಬರೆದಿದ್ದರು. ಅಂಚೆ ಗುಮಾಸ್ತರು ಒಂದು ದಿನ, "ಏನಮ್ಮಾ ಇದು, ನಿಮ್ಮ ಪೆಟ್ಟಿಗೇಲಿ ಬರೀ ಗಾಳಿಯಷ್ಟು ಹಗುರದ ಲಕೋಟೆಗಳು," ಎಂದು ಬೆರಗಾದರು.

ಮೊಲದ ಮನುಷ್ಯನ ಲಕೋಟೆಯಲ್ಲಿ ಕಾಗದವಿರಲಿಲ್ಲ. ಪಟ್ಟಿ ಮಾತ್ರ. ಅಕ್ಕ ಅದನ್ನು ಬೆಳಕಿಗೆ ಹಿಡಿದು ನೋಡಿದಳು. ಕತ್ತರಿ ಸೋಕಿರಲಿಲ್ಲ. ಸೂಜಿಯ ಮೊನೆಯಿಂದ ಒಂದೊಂದೇ ಹೊಲಿಗೆಯನ್ನು ಎಬ್ಬಿಸಿ, ದಾರ ಹರಿಯದಂತೆ ಪೂರ್ತಿ ಉದ್ದಕ್ಕೆ ಬಿಚ್ಚಿ, ಆ ದಾರವನ್ನೂ ಪಟ್ಟಿಗೆ ಸುತ್ತಿ ಕಳಿಸಿದ್ದ. ಮುಕ್ಕಾಲು ಗಂಟೆಯಾದರೂ ತಲೆ ಬಗ್ಗಿಸಿ ಕೂತಿರಬೇಕು.

"ಏನಂತೆ?" ಎಂದಳು ತಂಗಿ.

"ಸಿಟ್ಟು ಇಳಿದಿದೆಯಂತೆ," ಎಂದು ಅಕ್ಕ ಆ ದಾರವನ್ನು ಸೂಜಿಪೆಟ್ಟಿಗೆಯಲ್ಲಿಟ್ಟುಕೊಂಡಳು.

ಬಾರದೆ ಉಳಿದವು ಸುಮಾರು ನಲವತ್ತು. ಮನೆ ಬದಲಾಯಿಸಿದವರು, ಮರೆತವರು. ಒಂದು ಮಾತ್ರ ಉತ್ತರ ಬಂದೂ ಪಟ್ಟಿ ಬರಲಿಲ್ಲ. ಜಿರಾಫೆ ಬಂದ ದಿನ ಸೂಜಿ ಚುಚ್ಚಿಸಿಕೊಂಡು ಕೂತಿದ್ದ ಆನೆಯ ಮನೆಯಿಂದ, ಒಂದೊಂದು ಅಕ್ಷರ ಒಂದೊಂದು ದಿಕ್ಕಿಗೆ ಓಡುವ ಕೈಬರಹದಲ್ಲಿ: 'ಆನೆಗೆ ಅವನ ಆಸ್ಪತ್ರೆ ಎಲ್ಲಿದೆ ಅಂತ ಗೊತ್ತಿರಬೇಕು. ಹೊಸ ಪಟ್ಟಿ ಬಲಗಾಲಿಗೆ ಹಾಕಿದ್ದೀವಿ. ಹಳೇದಕ್ಕೆ ಕಾಲುಚೀಲ ಹಾಕಿದ್ದೀವಿ. ಅವನು ಯಾರಿಗೂ ಹೇಳಲ್ಲ.'

ಅಕ್ಕ ತಂಗಿಯ ಮುಖ ನೋಡಿದಳು. ತಂಗಿ ಕಾಗದವನ್ನು ಎರಡು ಸಲ ಓದಿ ಮಡಿಸಿಟ್ಟಳು. "ನಂಬಿಕಸ್ಥ ರೋಗಿ. ಇರಲಿ ಬಿಡು," ಎಂದಳು.

ಅರ್ಜಿಗೆ ಕೊಟ್ಟ ಮೂರು ತಿಂಗಳು ಮುಗಿಯಲು ಮೂರು ದಿನವಿತ್ತು. ಅಕ್ಕ ಕೇಳಲಿಲ್ಲ. ಕೇಳದೆ ಇರುವುದಕ್ಕೆ ಅವಳು ಎಷ್ಟು ಕಷ್ಟಪಟ್ಟಳೆಂದರೆ, ಮಾತಿನ ಮಧ್ಯೆ ವಿನಾಕಾರಣ ಹೂಕುಂಡಗಳನ್ನು ಹೊಗಳಿದಳು. ಆ ದಿನ ಬೆಳಗ್ಗೆ ಏಳಕ್ಕೆದ್ದು ನೋಡಿದರೆ ಫ್ರಿಜ್ಜಿನ ಬಾಗಿಲು ಖಾಲಿಯಾಗಿತ್ತು. ಅಯಸ್ಕಾಂತ ಒಂದೇ ಅಂಟಿಕೊಂಡಿತ್ತು. ಅರ್ಜಿ ಕೊಟ್ಟುಬಿಟ್ಟಳು ಅಂದುಕೊಂಡಳು ಅಕ್ಕ. ನಿನ್ನೆ ಸಂಜೆ ಹೊರಡುವಾಗಲೇ ಚೀಲದಲ್ಲಿ ಹಾಕಿಕೊಂಡು ಹೋಗಿರಬೇಕು.

ಒಂಬತ್ತಕ್ಕೆ ತಂಗಿ ಬಂದಳು, ಮುಖ ತೊಳೆದಳು, ಬ್ರೆಡ್ಡು ತಿಂದಳು, ಆಕಳಿಸಿದಳು. ಅಕ್ಕ ಕುಂಡಗಳಿಗೆ ಎರಡನೆಯ ಸಲ ನೀರು ಹಾಕಿದಳು. ಕೋಣೆಗೆ ಹೋಗುವ ಮೊದಲು ತಂಗಿ ತನ್ನ ಚೀಲದಿಂದ ಏನನ್ನೋ ತೆಗೆದು ಹೊಲಿಗೆ ಮೇಜಿನ ಮೇಲೆ ಇಟ್ಟಳು.

"ಮೊಲಗಳ ಕಿವಿ ಕತ್ತರಿಸೋಕೆ ಅಚ್ಚು ಬೇಕು ಅಂತಿದ್ದೆಯಲ್ಲ. ಒಳ್ಳೇ ದಪ್ಪ ಕಾಗದ. ರಾತ್ರಿ ವಾರ್ಡ್ ಸ್ವಲ್ಪ ಸುಮ್ಮನಿತ್ತು, ಕತ್ತರಿಸಿದೆ."

ಮೊಲದ ಕಿವಿಯ ಆಕಾರದ ಎರಡು ತುಂಡು. ಅಂಚು ನುಣುಪಾಗಿ, ಅಳತೆ ಸರಿಯಾಗಿ. ಅಕ್ಕ ಒಂದನ್ನು ತಿರುಗಿಸಿ ನೋಡಿದಳು. ನೀಲಿ ಅಕ್ಷರಗಳು. 'ವಸತಿಗೃಹಕ್ಕಾಗಿ ಅ' ಎಂಬಲ್ಲಿಗೆ ಕಿವಿಯ ತುದಿ ಮುಗಿದಿತ್ತು.

ಅವಳು ತಲೆ ಎತ್ತುವುದರೊಳಗೆ ಕೋಣೆಯ ಬಾಗಿಲು ಹಾಕಿಕೊಂಡಿತ್ತು. ಅಕ್ಕ ಕಿವಿಯನ್ನು ಗಟ್ಟಿ ಬಟ್ಟೆಯ ಮೇಲಿಟ್ಟು, ಪೆನ್ಸಿಲ್ ತೆಗೆದುಕೊಂಡು, ಸುತ್ತಲೂ ನಿಧಾನವಾಗಿ ಗೆರೆ ಎಳೆದಳು. ಹತ್ತೂವರೆಯಾಯಿತು. ಕರೆಗಂಟೆ ಕಿರುಚಲಿಲ್ಲ. ಗೋಡೆಯ ಆ ಕಡೆಯಿಂದ, ಕುಕ್ಕರ್ ಕೂಗುವ ಮೊದಲು ಉಸಿರೆಳೆದುಕೊಳ್ಳುವಂಥ ಆ ಸದ್ದು ಮಾತ್ರ ಶುರುವಾಯಿತು.